ಕೆಚ್ಚಲು ಬಾವು ಮರುಕಳಿಸಿದರೆ ಔಷಧಿಯನ್ನೇ ಬೈಯಬೇಡಿ

ಹೋದ ಮಳೆಗಾಲ ನಮ್ಮ ಎಚ್‌ಎಫ್ ಹಸುವಿಗೆ ಕೆಚ್ಚಲು ಬಾವು ಬಂತು. ಗೆಳೆಯ ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೊ ತೋರಿಸಿ ಮೆಡಿಕಲ್‌ನಿಂದ ಟ್ಯೂಬ್ ತಂದು ಎರಡು ದಿನ ಹಾಕಿದೆ. ಬಾವು ಇಳೀತು. ಔಷಧಿ ಹಾಕಿದಷ್ಟು ದಿನ ಡೇರಿಗೆ ಹಾಲು ಹಾಕುವಂತಿಲ್ಲವಲ್ಲ, ಅದಕ್ಕೇ ನಿಲ್ಲಿಸಿಬಿಟ್ಟೆ. ಮೂರು ವಾರಕ್ಕೆ ಅದೇ ತೊಟ್ಟಿಗೆ ಮತ್ತೆ ಬಾವು. ಕೊನೆಗೆ ಆ ತೊಟ್ಟು ಬತ್ತಿಯೇ ಹೋಯಿತು. ‘ಡೂಪ್ಲಿಕೇಟ್ ಔಷಧಿ’ ಅಂತ ಅಂಗಡಿಯವರನ್ನು ಬೈದೆ. ತಪ್ಪು ನನ್ನದು ಅಂತ ಆಮೇಲೆ ತಿಳೀತು.

ದನ ನೀರು ಕುಡಿಯುವ ಬಾನಿಯ ಒಳಗೆ ಕೈಯಾಡಿಸಿ ನೋಡಿ. ಲೋಳೆ ಹತ್ತುತ್ತದೆ. ನೀರು ಸುರಿದರೆ ಹೋಗಲ್ಲ, ತಿಕ್ಕಲೇಬೇಕು. ಬ್ಯಾಕ್ಟೀರಿಯಾ ಕಟ್ಟಿಕೊಳ್ಳುವ ಇಂಥ ಪದರವೇ ಬಯೋಫಿಲ್ಮ್. ಕೆಚ್ಚಲು ಬಾವು ತರುವ ಸ್ಟ್ಯಾಫಿಲೋಕಾಕಸ್ ಆರಿಯಸ್ ಕೂಡ ಕೆಚ್ಚಲೊಳಗೆ ಇದನ್ನೇ ಕಟ್ಟಬಲ್ಲದು.

ಅದರಲ್ಲಿ ‘ಐಕಾ’ ಎಂಬ ನಾಲ್ಕು ಜೀನ್‌ಗಳ ಗುಂಪಿದೆ. ಬೋರ್‌ವೆಲ್ ಸ್ಟಾರ್ಟರ್ ಥರ ಇವು ಆನ್-ಆಫ್ ಆಗುತ್ತವೆ. ಆನ್ ಆದಾಗ ಅಂಟು ಸಕ್ಕರೆ ತಯಾರಾಗಿ ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಳಗಿರುವವು ನಿಧಾನಗತಿಯಲ್ಲಿ ಬದುಕುವುದರಿಂದ ಔಷಧಿಗೆ ಸುಲಭವಾಗಿ ಸಾಯಲ್ಲ. ಸಂಖ್ಯೆ ಹೆಚ್ಚಿದಾಗ ‘ಎಜಿಆರ್’ ಎಂಬ ಇನ್ನೊಂದು ವ್ಯವಸ್ಥೆ ಆನ್ ಆಗುತ್ತದೆ. ಪದರ ಸಡಿಲವಾಗಿ ಒಂದಷ್ಟು ಹೊರಬಂದು ಹೊಸ ಜಾಗಕ್ಕೆ ಹಬ್ಬುತ್ತವೆ, ವಿಷವನ್ನೂ ಬಿಡುತ್ತವೆ.

ಇನ್ನೊಂದು ಮಾತು. ಕೆಲವು ಆ್ಯಂಟಿಬಯಾಟಿಕ್‌ಗಳು ಸಾಯಿಸುವಷ್ಟು ಪ್ರಮಾಣದಲ್ಲಿ ಇಲ್ಲದಿದ್ದರೆ ಪದರ ಕಟ್ಟುವುದನ್ನೇ ಹೆಚ್ಚಿಸುತ್ತವೆ ಅಂತ ಲ್ಯಾಬ್ ಪ್ರಯೋಗಗಳು ತೋರಿಸಿವೆ. ಅಂದರೆ ಅರ್ಧಂಬರ್ಧ ಔಷಧಿ ಶತ್ರುವಿಗೇ ಕೋಟೆ ಕಟ್ಟಿಕೊಟ್ಟ ಹಾಗೆ.

ಹಾಗಾಗಿ ನನ್ನ ಮಾತು ನೇರ: ಫೋಟೊ ನೋಡಿ ಟ್ಯೂಬ್ ಹಾಕೋದು ಬಿಡೋಣ. ಡಾಕ್ಟರ್ ಸಿಗಲ್ಲ, ಹಾಲಿನ ದುಡ್ಡು ಹೋಗುತ್ತೆ ಅಂತೀರಿ. ನಿಜ, ನಾನೂ ಹಾಗೇ ಅಂದಿದ್ದೆ. ನಾಲ್ಕು ದಿನದ ಹಾಲು ಉಳಿಸಲು ಹೋಗಿ ಒಂದು ತೊಟ್ಟನ್ನೇ ಕಳೆದುಕೊಂಡೆ. ಮೊಬೈಲ್ ಕೈಯಲ್ಲಿದೆಯಲ್ಲ, ಪಶು ಸಂಜೀವಿನಿ 1962ಕ್ಕೆ ಕರೆ ಮಾಡಿ. ಹಾಲು ಪರೀಕ್ಷೆ ಮಾಡಿಸಿ, ಡಾಕ್ಟರ್ ಹೇಳಿದಷ್ಟು ದಿನ ಪೂರ್ತಿ ಔಷಧಿ ಹಾಕಿ.

ಪದರ ಗಟ್ಟಿಯಾದ ಮೇಲೆ ಪೂರ್ತಿ ಔಷಧಿಯೂ ಕೆಲವೊಮ್ಮೆ ಸೋಲುತ್ತದೆ. ಅದಕ್ಕೇ ರೋಗ ಬಾರದಂತೆ ನೋಡಿಕೊಳ್ಳೋದೇ ಲಾಭ. ಹಾಲು ಕರೆದ ಮೇಲೆ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ. ಅರ್ಧ ಗಂಟೆ ಹಸು ಮಲಗದಂತೆ ಮೇವು ಹಾಕಿ ನಿಲ್ಲಿಸಿ. ಬಾವು ಬಂದ ಹಸುವನ್ನು ಕೊನೆಗೆ ಕರೆಯಿರಿ, ಅದರ ಹಾಲನ್ನು ಕೊಟ್ಟಿಗೆ ನೆಲಕ್ಕೆ ಹಿಂಡಬೇಡಿ. ಕರೆಯುವ ಯಂತ್ರವಿದ್ದರೆ ರಬ್ಬರ್ ಭಾಗಗಳನ್ನು ದಿನಾ ತಿಕ್ಕಿ ತೊಳೆಯಿರಿ, ಅಲ್ಲೂ ಲೋಳೆ ಕಟ್ಟುತ್ತದೆ.

ನಮ್ಮ ಹಸು ಈಗ ಮೂರೇ ತೊಟ್ಟಲ್ಲಿ ಹಾಲು ಕೊಡುತ್ತಿದೆ. ನಿಮ್ಮ ಹಸುವಿನ ನಾಲ್ಕೂ ಉಳಿಯಲಿ.