ಬಾವಿ ನಮ್ಮದು, ರಿವ್ಯೂ ಯಾರದ್ದು?

ಏಪ್ರಿಲ್ ಬಂತೆಂದರೆ ನಮ್ಮ ಊರುಗಳ ವಾಟ್ಸಾಪ್ ಗುಂಪುಗಳಲ್ಲಿ ಎರಡು ವಿಷಯ ಓಡುತ್ತವೆ. ಒಂದು, ಬಾವಿಯ ನೀರು ಎಷ್ಟು ಕೆಳಗೆ ಹೋಯಿತು ಎಂಬುದು. ಇನ್ನೊಂದು, ನೀರಿನ ಯಂತ್ರದ ವೀಡಿಯೊ. ಅಡುಗೆಮನೆಯಲ್ಲಿ ಒಂದು ಬಿಳಿ ಪೆಟ್ಟಿಗೆ, ಅದರ ಪಕ್ಕ ನಗುತ್ತಾ ನಿಂತ ಗಂಡ ಹೆಂಡತಿ. "ಆರು ತಿಂಗಳಿಂದ ಕುಡಿಯುತ್ತಿದ್ದೇವೆ. ಗ್ಯಾಸ್ಟ್ರಿಕ್ ಹೋಯಿತು, ಗಂಟುನೋವು ಹೋಯಿತು, ಶುಗರ್ ಕಂಟ್ರೋಲಿಗೆ ಬಂತು." ಕೆಳಗೆ ಒಂದು ಫೋನ್ ನಂಬರ್.

ಇದಕ್ಕೆ ರಿವ್ಯೂ ಎಂದು ಹೆಸರು. ನಾವು ಇದನ್ನು ಜಾಹೀರಾತು ಎನ್ನುತ್ತೇವೆ. ಕಾಪುವಿನ ಸಂಬಂಧಿಕರು ಕಾರ್ಕಳಕ್ಕೆ, ಕಾರ್ಕಳದವರು ಮಣಿಪಾಲಕ್ಕೆ ಇದನ್ನು ಕಳಿಸುತ್ತಲೇ ಇದ್ದಾರೆ. ಇನ್ನು ಸುಮ್ಮನಿರಬಾರದು ಎನಿಸಿ ಬರೆಯುತ್ತಿದ್ದೇವೆ. ವಾಟರ್ ಅಯೋನೈಸರ್ ಎಂಬ ಈ ಯಂತ್ರಗಳಲ್ಲಿ ಹಲವದರ ಬೆಲೆ ಲಕ್ಷ ರೂಪಾಯಿ ದಾಟುತ್ತದೆ. ನಮ್ಮ ಮನೆಗಳಲ್ಲಿ ಲಕ್ಷ ಎಂದರೆ ಒಂದು ವರ್ಷದ ಅಡಿಕೆ, ಅಡವಿಟ್ಟ ಬಳೆ, ಗಲ್ಫಿನಿಂದ ಮಗ ಕಳಿಸಿದ ದುಡ್ಡು.

ಮೊದಲು ಯಂತ್ರ ಏನು ಮಾಡುತ್ತದೆ ನೋಡೋಣ. ಪ್ಲಾಟಿನಂ ಲೇಪಿಸಿದ ಟೈಟಾನಿಯಂ ತಗಡುಗಳ ನಡುವೆ ನೀರು ಹರಿಯುತ್ತದೆ, ತಗಡುಗಳಿಗೆ ಕರೆಂಟು ಕೊಡಲಾಗುತ್ತದೆ. ನೀರು ಎರಡು ಪಾಲಾಗುತ್ತದೆ. ಒಂದು ಕ್ಷಾರದ ಪಾಲು, ಇನ್ನೊಂದು ಆಮ್ಲದ ಪಾಲು. ಕುಡಿಯಲು ಕ್ಷಾರದ ಪಾಲು. ಆಮ್ಲದ ಪಾಲು ಬೇರೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. 2019ರ ಮೇ ತಿಂಗಳಲ್ಲಿ ಬಜೆ ಅಣೆಕಟ್ಟಿನಲ್ಲಿ ಸ್ವರ್ಣಾ ನದಿ ತಳ ಕಂಡು ಉಡುಪಿ, ಮಣಿಪಾಲದವರು ಟ್ಯಾಂಕರಿಗೆ ಕಾದದ್ದು ಯಾರಿಗೂ ಮರೆತಿಲ್ಲ. ಪ್ರತಿ ಸಲ ಒಂದು ಪಾಲು ನೀರು ಪೈಪಿನಲ್ಲಿ ಹೊರಗೆ ಹೋಗುವ ವಿಷಯವನ್ನು ವೀಡಿಯೊದವರು ಹೇಳಿದ್ದು ನಾವು ಕೇಳಿಲ್ಲ.

ಆ ರಿವ್ಯೂ ಯಾವ ನೀರಿನದ್ದು?

ಐದು ನಕ್ಷತ್ರ ಕೊಟ್ಟವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು: ನಿಮ್ಮ ಮನೆಯ ನೀರು ಯಾವುದು?

ಕಾರ್ಕಳ, ಹಿರಿಯಡ್ಕ ಕಡೆ ಮುರಕಲ್ಲಿನ ನೆಲ. ಅಲ್ಲಿನ ತೆರೆದ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಹುಳಿ ಕಡೆಗೆ, ಖನಿಜ ಕಡಿಮೆ. ಹಲವು ಬಾವಿಗಳಲ್ಲಿ ಕಬ್ಬಿಣದ ಕೆಂಪು ಕಲೆ. ಕಾಪುವಿನ ಕಡಲ ಬದಿಯ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ಹತ್ತುತ್ತದೆ. ಮಣಿಪಾಲದ ಫ್ಲಾಟುಗಳಲ್ಲಿ ನಗರಸಭೆಯ ನೀರು, ಅದು ಸಾಲದಾಗ ಟ್ಯಾಂಕರ್. ಬೆಂಗಳೂರಿನ ಬೋರ್‌ವೆಲ್ ನೀರು ಇವ್ಯಾವುದೂ ಅಲ್ಲ, ಅದು ಗಡಸು ನೀರು.

ಈ ಯಂತ್ರ ಕೆಲಸ ಮಾಡುವುದೇ ನೀರಿನಲ್ಲಿ ಕರಗಿದ ಖನಿಜದ ಮೇಲೆ. ಖನಿಜ ಕಡಿಮೆ ಇದ್ದರೆ ಕರೆಂಟು ಸರಿಯಾಗಿ ಹರಿಯುವುದಿಲ್ಲ, ಹೇಳಿದಷ್ಟು ಪಿಎಚ್ ಏರುವುದಿಲ್ಲ. ಖನಿಜ ಜಾಸ್ತಿಯಾದರೆ ತಗಡುಗಳಿಗೆ ಸುಣ್ಣ ಹಿಡಿಯುತ್ತದೆ. ಉಪ್ಪು ನೀರಾದರೆ ಉಪ್ಪು ಹೋಗುವುದಿಲ್ಲ. ಶೌಚದ ಗುಂಡಿಯ ಹತ್ತಿರದ ಬಾವಿಯಲ್ಲಿ ರೋಗಾಣು ಇದ್ದರೆ, ನೀರನ್ನು ಕ್ಷಾರ ಮಾಡಿದ್ದರಿಂದ ಅದು ಶುದ್ಧವಾಯಿತು ಎಂದು ನಂಬಿ ಕುಡಿಯುವಂತಿಲ್ಲ. ಹಾಗಾಗಿ ಬೆಂಗಳೂರಿನವರು ನಿಜವನ್ನೇ ಬರೆದಿದ್ದರೂ ಅದು ಅವರ ನೀರಿನ ರಿವ್ಯೂ. ಅದನ್ನು ಓದಿ ಕಾರ್ಕಳದಲ್ಲಿ ಯಂತ್ರ ಕೊಳ್ಳುವುದು ಎಲ್ಲೋ ಮಳೆ ಬಂತೆಂದು ಇಲ್ಲಿ ಕೊಡೆ ಬಿಡಿಸಿದ ಹಾಗೆ.

ರಿವ್ಯೂ ಓದುವಾಗ ಹೀಗೆ ನೋಡಿ. ನೀರಿನ ಮೂಲ, ಟಿಡಿಎಸ್, ಯಂತ್ರ ಹಾಕುವ ಮುಂಚಿನ ಮತ್ತು ನಂತರದ ಲ್ಯಾಬ್ ವರದಿ ಇದೆಯಾ? ಫಿಲ್ಟರ್ ಬದಲಿಸಲು ಎಷ್ಟಾಯಿತು, ಕೆಟ್ಟಾಗ ರಿಪೇರಿಗೆ ಯಾರು ಬಂದರು ಎಂಬ ಮಾತು ಇದೆಯಾ? ಒಂದಾದರೂ ದೂರು ಇದೆಯಾ? ಮಿಕ್ಸಿಯ ರಿವ್ಯೂ ಬರೆದವರು ಸದ್ದು ಜಾಸ್ತಿ ಎಂದಾದರೂ ಬರೆಯುತ್ತಾರೆ. ಲಕ್ಷದ ಯಂತ್ರಕ್ಕೆ ಒಂದೂ ಕೊರತೆ ಇಲ್ಲವಾದರೆ ಬರೆದವರ ಮೇಲೆ ಅನುಮಾನ ಬರಬೇಕು. ಒಂದೇ ವಾರದಲ್ಲಿ ಬಂದ ಹತ್ತಾರು ಹೊಗಳಿಕೆ, ಎಲ್ಲದರಲ್ಲೂ ಅದೇ ವಾಕ್ಯ, ಬಳಸಿದ ಎರಡನೇ ದಿನವೇ ಬರೆದ 'ಜೀವನ ಬದಲಾಯಿತು', 'ಟಾಪ್ 5' ಪಟ್ಟಿಯ ಎಲ್ಲ ದಾರಿಗಳೂ ಕೊನೆಗೆ ಒಂದೇ ಅಂಗಡಿಗೆ ಹೋಗುವುದು, ಇವೆಲ್ಲ ಅದೇ ಜಾತಿಯವು.

ಜಗಲಿಯಲ್ಲಿ ನಡೆಯುವ ಆಟ

ಫೋನಿನ ರಿವ್ಯೂ ಸಾಲದಾದಾಗ ಮನೆಗೇ ಬಂದು 'ಡೆಮೊ' ತೋರಿಸುತ್ತಾರೆ. ಇದೂ ಒಂದು ರಿವ್ಯೂವೇ, ಆದರೆ ಕಣ್ಣೆದುರು ನಡೆಯುವುದರಿಂದ ಜಾಸ್ತಿ ನಂಬುತ್ತೇವೆ.

ಮೊದಲ ಆಟ: ನಿಮ್ಮ ಬಾವಿ ನೀರಿನ ಲೋಟಕ್ಕೆ ಎರಡು ಸರಳು ಇಳಿಸಿ ಕರೆಂಟು ಕೊಡುತ್ತಾರೆ. ಐದು ನಿಮಿಷದಲ್ಲಿ ನೀರು ಕಂದು ಬಣ್ಣ, ಮೇಲೆ ಗಸಿ. "ಇದನ್ನೇ ನೀವು ಮಕ್ಕಳಿಗೆ ಕುಡಿಸುತ್ತಿರುವುದು!" ಅಮ್ಮಂದಿರ ಎದೆ ಧಸಕ್ಕೆನ್ನುತ್ತದೆ. ನಿಜವಾಗಿ ಆ ಗಸಿ ಹೆಚ್ಚಾಗಿ ಸರಳಿನ ಕಬ್ಬಿಣ ಕರಗಿ ಬಂದದ್ದು. ಪಕ್ಕದ ಲೋಟದ ಆರ್‌ಒ ನೀರಲ್ಲಿ ಖನಿಜ ಇಲ್ಲದ್ದರಿಂದ ಕರೆಂಟು ಹರಿಯುವುದಿಲ್ಲ, ಹಾಗಾಗಿ ಅದು ತಿಳಿಯಾಗಿ ಉಳಿಯುತ್ತದೆ. ಆರ್‌ಒ ಮಾರುವವರಿಂದ ಬಂದ ಹಳೆಯ ಆಟ ಇದು.

ಎರಡನೆಯದು ಬಣ್ಣದ ಹನಿ. ಎರಡು ಹನಿ ಹಾಕಿದರೆ ಅವರ ನೀರು ನೇರಳೆ, ನಿಮ್ಮದು ಹಳದಿ. ಹನಿ ತೋರಿಸುವುದು ಪಿಎಚ್ ಮಾತ್ರ. ನೀರು ಆರೋಗ್ಯಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂದು ಹನಿಗೆ ಗೊತ್ತಿಲ್ಲ. ಬೇಲಿಯ ಶಂಖಪುಷ್ಪ ಕೊಯ್ದು ಬಿಸಿನೀರಲ್ಲಿ ಹಾಕಿ. ನೀಲಿ ರಸಕ್ಕೆ ನಿಂಬೆ ಹಿಂಡಿದರೆ ನೇರಳೆಗುಲಾಬಿ, ಸೋಪಿನ ನೀರು ಬೆರೆಸಿದರೆ ಹಸಿರು ಕಡೆಗೆ ತಿರುಗುತ್ತದೆ. ಬಣ್ಣ ಚಂದ ತಿರುಗಿತೆಂದು ಸೋಪಿನ ನೀರು ಕುಡಿಯುತ್ತೀರಾ?

ಮೂರನೆಯದು ಚಹಾ ಚೀಲ. ತಣ್ಣೀರಲ್ಲೇ ಚಹಾ ಬಣ್ಣ ಬಿಟ್ಟದ್ದು ತೋರಿಸಿ, ನಮ್ಮ ನೀರು ದೇಹದೊಳಗೂ ಹೀಗೇ ಇಳಿಯುತ್ತದೆ ಎನ್ನುತ್ತಾರೆ. ಕ್ಷಾರದ ನೀರಲ್ಲಿ ಚಹಾ ಕಪ್ಪಾಗಿ ಕಾಣುತ್ತದೆ, ಅಷ್ಟೆ. ತಣ್ಣೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ಮನೆಯಲ್ಲೇ ಮಾಡಿ ನೋಡಿ.

ಹೊಟ್ಟೆಯ ಲೆಕ್ಕ

ನಮ್ಮ ಹೊಟ್ಟೆಯ ರಸದ ಪಿಎಚ್ ಸುಮಾರು 1.5ರಿಂದ 3.5, ಅಂದರೆ ಗಟ್ಟಿ ಆಮ್ಲ. 9.5ರ ನೀರು ಅದರೊಳಗೆ ಬಿದ್ದರೆ ಹೊಳೆಯಲ್ಲಿ ಹುಣಸೆ ಹಣ್ಣು ಕಿವುಚಿದ ಹಾಗೆ. ರಕ್ತದ ಪಿಎಚ್ 7.35ರಿಂದ 7.45ರೊಳಗೆ ಇರುತ್ತದೆ, ಅದನ್ನು ಅಲ್ಲಿ ನಿಲ್ಲಿಸುವುದು ಶ್ವಾಸಕೋಶ ಮತ್ತು ಕಿಡ್ನಿ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500 ಹೇಳುವ ಪಿಎಚ್ 6.5ರಿಂದ 8.5. ಯಂತ್ರದವರು ಹೆಮ್ಮೆಯಿಂದ ತೋರಿಸುವ 9.5 ಆ ಗೆರೆಯ ಆಚೆಗಿದೆ.

"ಆದರೆ ನನ್ನ ಗ್ಯಾಸ್ಟ್ರಿಕ್ ನಿಜವಾಗಿ ಕಡಿಮೆಯಾಯಿತು ಮಾರಾಯ್ರೆ" ಎನ್ನುವವರಿದ್ದಾರೆ. ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ನಾವು ಹೇಳುವುದಿಲ್ಲ. ಲಕ್ಷ ಕೊಟ್ಟ ಮೇಲೆ ದಿನಕ್ಕೆ ಮೂರು ಲೀಟರ್ ನೀರು ಕುಡಿಯುತ್ತಾರೆ, ಚಹಾ ಬಿಡುತ್ತಾರೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾರೆ. ಒಳ್ಳೆಯದಾದದ್ದು ಯಾವುದರಿಂದ ಎಂದು ಹೇಗೆ ಗೊತ್ತಾಗಬೇಕು? ಈ ಯಂತ್ರಗಳ ತವರಾದ ಜಪಾನಿನಲ್ಲಿ ಇವನ್ನು ಮನೆಬಳಕೆಯ ವೈದ್ಯಕೀಯ ಉಪಕರಣವೆಂದು ಒಪ್ಪಿದ್ದಾರೆ, ಅದೂ ಹೊಟ್ಟೆ ಮತ್ತು ಕರುಳಿನ ತೊಂದರೆಗಳ ಮಟ್ಟಿಗೆ. ಅಲ್ಲಿ ಕಿಡ್ನಿ ತೊಂದರೆ ಇರುವವರಿಗೆ ಎಚ್ಚರಿಕೆಯ ಮಾತೂ ಇದೆ. ಶುಗರ್, ಬಿಪಿ, ಕ್ಯಾನ್ಸರ್ ಎಂಬುದೆಲ್ಲ ಕಡಲು ದಾಟಿ ಬರುವಾಗ ಸೇರಿಕೊಂಡದ್ದು.

ಕ್ಷಾರದ ನೀರಿಗೂ ಕ್ಯಾನ್ಸರಿಗೂ ಸಂಬಂಧ ಇದೆಯೇ ಎಂದು 2016ರಲ್ಲಿ ಬಿಎಂಜೆ ಓಪನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪರಿಶೀಲನೆ ಬಂತು. ಸಾವಿರಾರು ಬರಹ ಜಾಲಾಡಿದವರಿಗೆ ಮಾನದಂಡಕ್ಕೆ ಹೊಂದುವ ಅಧ್ಯಯನ ಸಿಕ್ಕಿದ್ದು ಒಂದೇ ಒಂದು. ಕ್ಯಾನ್ಸರ್ ತಡೆಯಲು, ಗುಣ ಮಾಡಲು ಈ ನೀರನ್ನು ಪ್ರಚಾರ ಮಾಡುವುದಕ್ಕೆ ಆಧಾರ ಇಲ್ಲ ಎಂದೇ ಅವರು ಬರೆದರು. ದೇಹವನ್ನು ಕ್ಷಾರ ಮಾಡಿದರೆ ರೋಗವೇ ಇಲ್ಲ ಎಂಬ ಮಾತನ್ನು ಪುಸ್ತಕ ಬರೆದು ಲೋಕಕ್ಕೆಲ್ಲ ಹಬ್ಬಿಸಿದವರಲ್ಲಿ ಮುಖ್ಯ, ಅಮೆರಿಕದ ರಾಬರ್ಟ್ ಯಂಗ್. ಪರವಾನಗಿ ಇಲ್ಲದೆ ವೈದ್ಯಕೀಯ ಮಾಡಿದ್ದಕ್ಕೆ 2016ರಲ್ಲಿ ಆತ ಅಪರಾಧಿ ಎಂದಾಯಿತು. ಆತನನ್ನು ನಂಬಿ ಸರಿಯಾದ ಚಿಕಿತ್ಸೆ ಬಿಟ್ಟ ಕ್ಯಾನ್ಸರ್ ರೋಗಿಯೊಬ್ಬರಿಗೆ 10.5 ಕೋಟಿ ಡಾಲರ್ ಕೊಡಬೇಕೆಂದು 2018ರಲ್ಲಿ ಸ್ಯಾನ್ ಡಿಯೆಗೊದ ಜ್ಯೂರಿ ಹೇಳಿತು.

ನಮಗೆ ಹೆದರಿಕೆ ಇರುವುದು ಇಲ್ಲೇ. ಲಕ್ಷ ಹೋದರೆ ಮತ್ತೆ ದುಡಿಯಬಹುದು. ಯಾರದ್ದೋ ವೀಡಿಯೊ ನೋಡಿ ಶುಗರಿನ ಮಾತ್ರೆ ನಿಲ್ಲಿಸಿದ ಅಜ್ಜಿಯ ಕಾಲು, ಕಣ್ಣು, ಕಿಡ್ನಿ ಮತ್ತೆ ಬರುವುದಿಲ್ಲ. ಮಾತ್ರೆ ನಿಲ್ಲಿಸುವ ಮಾತನ್ನು ಹೇಳಲು ಡಾಕ್ಟರಿಗೆ ಮಾತ್ರ ಹಕ್ಕು.

ಕೊಂಡವರೇ ಮಾರುವವರಾದಾಗ

ಹಾಗಾದರೆ ಕೊಂಡು ಮೋಸ ಹೋದವರು ಯಾಕೆ ಬಾಯಿ ಬಿಡುವುದಿಲ್ಲ? ಇದರ ಉತ್ತರ ಮಾರಾಟದ ಕ್ರಮದಲ್ಲೇ ಇದೆ.

ಇಂಥ ಯಂತ್ರಗಳಲ್ಲಿ ಹಲವು ಅಂಗಡಿಯಲ್ಲಿ ಸಿಗುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಕಮಿಷನ್ ಮೇಲೆ ಮಾರಾಟವಾಗುತ್ತವೆ. ಕೊಂಡವರಿಗೆ ಮೊದಲ ದಿನವೇ ಹೇಳುತ್ತಾರೆ: "ನಾಲ್ಕು ಜನರಿಗೆ ಹೇಳಿ, ನಿಮ್ಮ ದುಡ್ಡು ವಾಪಸ್ ಬರುತ್ತದೆ." ಅಲ್ಲಿಗೆ ಗಿರಾಕಿ ಮಾರಾಟಗಾರನಾದ. ಇನ್ನು ಆತ ಬರೆಯುವ ಯಾವ ರಿವ್ಯೂವನ್ನು ನಂಬುವುದು? ಯಂತ್ರ ಚೆನ್ನಾಗಿಲ್ಲ ಎಂದರೆ ಆತನ ಸಾಲ ತೀರುವುದಿಲ್ಲ. ಮೇಲಿಂದ ನಾಚಿಕೆ ಬೇರೆ. ಹೆಂಡತಿಯ ಬಳೆ ಅಡವಿಟ್ಟು ತಂದದ್ದನ್ನು ದಂಡ ಎಂದು ಊರೆದುರು ಹೇಳುವ ಧೈರ್ಯ ಎಷ್ಟು ಜನರಿಗಿದೆ? ಹೀಗೆ ನಿಜವಾದ ರಿವ್ಯೂ ಹುಟ್ಟುವ ಮೊದಲೇ ಸಾಯುತ್ತದೆ.

ನಮ್ಮ ಸ್ನೇಹಿತರೊಬ್ಬರ ಮನೆಗೆ ಮಾರಲು ಬಂದವರು ಸ್ವಂತ ದೊಡ್ಡಮ್ಮನ ಮಗ. ಬೇಡ ಎಂದದ್ದಕ್ಕೆ ಮಾತು ಬಿಟ್ಟರು. ಯಾರಿಗೂ ಲಾಭ ಆಗಲಿಲ್ಲ, ಒಂದು ಸಂಬಂಧ ಹೋಯಿತು. ಮದುವೆಮನೆಯಲ್ಲಿ, ಬ್ರಹ್ಮಕಲಶದ ಊಟದ ಸಾಲಿನಲ್ಲಿ ಪಕ್ಕ ಕೂತವರು ಹೇಳಿದರೆ ನಂಬುವ ಊರು ನಮ್ಮದು. ಈ ವ್ಯಾಪಾರಕ್ಕೆ ಬಂಡವಾಳ ಆ ನಂಬಿಕೆಯೇ. ನಮ್ಮ ಸಿಟ್ಟು ಇರುವುದು ಆ ದೊಡ್ಡಮ್ಮನ ಮಗನ ಮೇಲಲ್ಲ, ಅವನನ್ನು ಹಾಗೆ ಮಾಡಿದ ಲೆಕ್ಕಾಚಾರದ ಮೇಲೆ.

ಕಾನೂನು ಇದೆ, ನಾವು ಬಳಸಬೇಕು

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರುವವರು ಗ್ರಾಹಕರ ವೇಷ ಹಾಕಿ ರಿವ್ಯೂ ಬರೆಯುವಂತಿಲ್ಲ. 2021ರ ನೇರ ಮಾರಾಟ ನಿಯಮಗಳ ಪ್ರಕಾರ ಗುರುತಿನ ಚೀಟಿ ಇಲ್ಲದೆ, ಮೊದಲೇ ಕೇಳದೆ ಮನೆಗೆ ಬರುವಂತಿಲ್ಲ, ಕಂಪನಿ ಒಪ್ಪದ ಗುಣಗಾನ ಮಾಡುವಂತಿಲ್ಲ. ದುಡ್ಡು ಅಥವಾ ಕಮಿಷನ್ ಪಡೆದು ಹೊಗಳುವವರು ಅದನ್ನು ಹೇಳಲೇಬೇಕೆಂದು 2022ರ ಜಾಹೀರಾತು ಮಾರ್ಗಸೂಚಿ ಇದೆ. ಅದೇ ವರ್ಷ ಬಂದ ಐಎಸ್ 19000 ಎಂಬ ಮಾನದಂಡ ಆನ್‌ಲೈನ್ ರಿವ್ಯೂಗಳಿಗೆಂದೇ ಇದೆ, ಆದರೆ ಅದನ್ನು ಪಾಲಿಸುವುದು ಕಂಪನಿಗಳ ಇಷ್ಟಕ್ಕೆ ಬಿಟ್ಟದ್ದು. ಇಷ್ಟಕ್ಕೆ ಬಿಟ್ಟರೆ ಯಾರು ಪಾಲಿಸುತ್ತಾರೆ? ಅದನ್ನು ಕಡ್ಡಾಯ ಮಾಡಬೇಕು ಎಂಬುದು ನಮ್ಮ ಒತ್ತಾಯ.

ಮೋಸ ಹೋಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಉಡುಪಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಕೊಡಬಹುದು. ಮಾರಿದವರು ಎಲ್ಲಿಯವರಾದರೂ ನೀವು ಇರುವ ಜಿಲ್ಲೆಯಲ್ಲೇ ದೂರು ಸಲ್ಲುತ್ತದೆ, ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು. ಬಿಲ್ಲು, ವೀಡಿಯೊ, ವಾಟ್ಸಾಪ್ ಮಾತು ಯಾವುದನ್ನೂ ಅಳಿಸಬೇಡಿ.

ಕೊಳ್ಳುವ ಯೋಚನೆಯಲ್ಲಿದ್ದರೆ ಮೊದಲು ಬಾವಿಯನ್ನು ಕೇಳಿ. ಜಲಜೀವನ್ ಮಿಷನ್ನಿನಲ್ಲಿ ಗ್ರಾಮಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು ಊರಿನ ಹೆಂಗಸರಿಗೇ ತರಬೇತಿ ಕೊಡುವ ಯೋಜನೆ ಇದೆ, ಪಂಚಾಯತಿಯಲ್ಲಿ ವಿಚಾರಿಸಿ. ಕುಡಿಯುವ ನೀರಿನ ಸರ್ಕಾರಿ ಲ್ಯಾಬುಗಳೂ ಸಾರ್ವಜನಿಕರಿಗೆ ತೆರೆದಿವೆ. ವರದಿಯಲ್ಲಿ ಕಬ್ಬಿಣ ಬಂದರೆ ಕಬ್ಬಿಣದ ಫಿಲ್ಟರ್ ನೋಡಿ, ರೋಗಾಣು ಬಂದರೆ ಕ್ಲೋರಿನ್ ಹಾಕಿ, ಕುದಿಸಿ ಕುಡಿಯಿರಿ. ಏನೂ ತೊಂದರೆ ಇಲ್ಲ ಎಂದು ಬಂದರೆ ದುಡ್ಡು ಬ್ಯಾಂಕಿನಲ್ಲೇ ಇರಲಿ.

ಇನ್ನೊಂದು ಬೇಡಿಕೆ, ಈಗಾಗಲೇ ಕೊಂಡವರ ಹತ್ತಿರ. ನಿಮ್ಮ ಯಂತ್ರದ ನಿಜವಾದ ಕಥೆ ಬರೆಯಿರಿ. ಚೆನ್ನಾಗಿದ್ದರೆ ಚೆನ್ನಾಗಿದೆ ಎನ್ನಿ, ಮೂಲೆಗೆ ಸೇರಿದ್ದರೆ ಮೂಲೆಗೆ ಸೇರಿದೆ ಎನ್ನಿ. ನೀರು ಯಾವುದು, ಖರ್ಚು ಎಷ್ಟು, ಕಮಿಷನ್ ಸಿಕ್ಕಿತಾ, ಅದನ್ನೂ ಬರೆಯಿರಿ. ಹೆಸರು ಬೇಡವೆಂದರೆ ಹೆಸರಿಲ್ಲದೆ ಇಲ್ಲೇ ಹಾಕುತ್ತೇವೆ. ಆ ವೀಡಿಯೊ ನಿಮ್ಮೂರಿನ ಗುಂಪಿಗೆ ಮತ್ತೆ ಬರುವ ಮೊದಲು ನಿಮ್ಮ ನಾಲ್ಕು ಸಾಲು ಅಲ್ಲಿ ಇದ್ದರೆ, ಯಾವುದೋ ಒಂದು ಮನೆಯ ಬಳೆ ಪೆಟ್ಟಿಗೆಯಲ್ಲೇ ಉಳಿಯುತ್ತದೆ.