ಕೋಟೆ ಕಟ್ಟದವರ ಚರಿತ್ರೆ

ಸೆಮಿಸ್ಟರ್ ಮುಗಿದ ಮರುದಿನ ನಾವು ಆರು ಜನ ಕಲಬುರಗಿ ಕೋಟೆಗೆ ಹೋಗಿದ್ವಿ. ಬಿಸಿಲು ನೆತ್ತಿ ಮೇಲಿತ್ತು. ಎಲ್ಲರೂ ಮಾಡೋ ಹಾಗೆ ಜಾಮಿ ಮಸೀದಿಯ ಕಮಾನುಗಳ ಸಾಲಿನಲ್ಲಿ ಒಂದಿಷ್ಟು ಫೋಟೋ, ಬುರುಜಿನ ಮೇಲಿನ 29 ಅಡಿ ತೋಪಿನ ಪಕ್ಕ ಒಂದಿಷ್ಟು ಫೋಟೋ ಆಯ್ತು. ನಾನು ಗೈಡ್ ಥರ ಶುರು ಹಚ್ಕೊಂಡೆ: 1347ರಲ್ಲಿ ಬಹಮನಿ ರಾಜ್ಯ, ಇದೇ ರಾಜಧಾನಿ, ಆಮೇಲೆ ಬೀದರ್‌ಗೆ ಹೋಯ್ತು ಅಂತ. ಕಮಲಾಪುರದ ಕಡೆಯ ತಾಂಡಾದಿಂದ ಬರೋ ನಮ್ಮ ಗೆಳೆಯ ಸುಮ್ಮನೆ ಕೇಳ್ತಿದ್ದ. ಕೊನೆಗೆ ನಕ್ಕು ಅಂದ: "ರಾಜರದೆಲ್ಲ ಕಲ್ಲಿನಾಗ ಅದ. ನಮ್ಮವ್ರದು ಎಲ್ಲದ, ತೋರ್ಸಲೆ?"

ತಮಾಷೆಗೇ ಕೇಳಿದ್ದ. ಆದ್ರೆ ನನ್ನ ಹತ್ರ ಉತ್ತರ ಇರಲಿಲ್ಲ. ಈ ಲೇಖನ ಆ ಉತ್ತರದ ಹುಡುಕಾಟ.

ಲಂಬಾಣಿ ಅಥವಾ ಬಂಜಾರ ಜನ ತಮ್ಮನ್ನು ತಾವು 'ಗೋರ್' ಅಂತ ಕರ್ಕೋತಾರೆ. ರಾಜಸ್ಥಾನದ ಮಾರವಾಡದ ಕಡೆಯಿಂದ, ಅಂದ್ರೆ ಮರುಭೂಮಿಯ ಸೀಮೆಯಿಂದ ಬಂದವರು ನಾವು ಅನ್ನೋದು ಅವರ ಪರಂಪರೆಯ ಮಾತು. ಅವರ ಗೋರ್‌ಬೋಲಿ ಕೂಡ ರಾಜಸ್ಥಾನಿ ಭಾಷೆಗಳ ಬಳಗದ್ದೇ. ನೀರಿಗೆ ಪಾಣಿ, ರೊಟ್ಟಿಗೆ ಬಾಟಿ. ಶತಮಾನಗಳ ಕಾಲ ಅವರ ಕಸುಬು 'ಲದೇಣಿ': ಎತ್ತಿನ ಬೆನ್ನ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ಊರಿಂದ ಊರಿಗೆ, ನಾಡಿಂದ ನಾಡಿಗೆ ಸಾಗಿಸೋದು. ಸಂಸಾರ, ಮಕ್ಕಳು, ನಾಯಿ ಎಲ್ಲ ಜೊತೆಗೇ. ಇಳಿದ ಕಡೆ ತಾಂಡಾ.

17ನೇ ಶತಮಾನದಲ್ಲಿ ಭಾರತ ಸುತ್ತಿದ ಫ್ರೆಂಚ್ ವ್ಯಾಪಾರಿ ತವೆರ್ನಿಯೆ ಇಂಥ ಸಾಲುಗಳನ್ನು ಕಣ್ಣಾರೆ ನೋಡಿ ಬರೆದಿದ್ದಾನೆ. ಒಂದೊಂದು ಸಾಲಿನಲ್ಲಿ 10ರಿಂದ 12 ಸಾವಿರ ಎತ್ತು. ಇಕ್ಕಟ್ಟಿನ ದಾರಿಯಲ್ಲಿ ಎದುರಾದರೆ, ಅವು ದಾಟಿ ಹೋಗೋವರೆಗೂ ಎರಡು ಮೂರು ದಿನ ಕಾಯಬೇಕಂತೆ! ನಾವು ಇಂಜಿನಿಯರಿಂಗ್ ಮಂದಿ, ಲೆಕ್ಕ ಹಾಕೋಣ. ಒಂದೆತ್ತು ಬರೀ ಒಂದು ಕ್ವಿಂಟಲ್ ಹೊತ್ತಿತು ಅಂತ ಹಿಡಿದ್ರೂ 10,000 ಎತ್ತಿಗೆ 1,000 ಟನ್. ಹತ್ತು ಟನ್ನಿನ ನೂರು ಲಾರಿ. ಡೀಸೆಲ್ ಇಲ್ಲ, ಡಾಂಬರು ರಸ್ತೆ ಇಲ್ಲ. ದಾರಿಯುದ್ದಕ್ಕೂ ಮೇಯ್ತಾ ಹೋಗೋ ಎತ್ತಿಗೆ ಮೇವಿನ ಖರ್ಚೂ ಕಮ್ಮಿ. ಯಾವ ದಾರಿಯಲ್ಲಿ, ಯಾವ ತಿಂಗಳಲ್ಲಿ ನೀರು ಮತ್ತು ಹುಲ್ಲು ಎರಡೂ ಸಿಗುತ್ತೆ ಅನ್ನೋದು ನಾಯಕನ ತಲೆಯಲ್ಲೇ ಇರಬೇಕು. ಇವತ್ತು ನಾವು ಲಾಜಿಸ್ಟಿಕ್ಸ್ ಅಂತ ಓದೋದು ಇದನ್ನೇ ಅಲ್ವಾ?

ಕೋಟೆ ಗೋಡೆ ಎಷ್ಟೇ ದಪ್ಪ ಇರಲಿ, ಒಳಗಿನ ಸೈನಿಕ ಕಲ್ಲು ತಿನ್ನಲ್ಲ. ದಖ್ಖನಿಗೆ ಇಳಿದ ಮೊಘಲ್ ಸೈನ್ಯಕ್ಕೆ ಕಾಳು ಮುಟ್ಟಿಸಿದವರು ಬಂಜಾರರು. 1792 ಮತ್ತು 1799ರಲ್ಲಿ ಶ್ರೀರಂಗಪಟ್ಟಣಕ್ಕೆ ನುಗ್ಗಿದ ಬ್ರಿಟಿಷ್ ಸೈನ್ಯಕ್ಕೂ ಅವರೇ ಬೇಕಾದ್ರು. ಪಠ್ಯಪುಸ್ತಕದಲ್ಲಿ ಸೇನಾಪತಿಗಳ ಹೆಸರಿದೆ, ಅನ್ನ ತಂದವರದು ಇಲ್ಲ.

ಆಮೇಲೆ ರೈಲು ಬಂತು. 1871ರಲ್ಲಿ ಮುಂಬೈ ಕಡೆಯ ಹಳಿ, ಮದ್ರಾಸ್ ಕಡೆಯ ಹಳಿ ರಾಯಚೂರಿನಲ್ಲಿ ಕೂಡಿದವು. ನಾವು ಊರಿಗೆ ಹೋಗೋಕೆ ಹತ್ತೋ ಕಲಬುರಗಿ ಲೈನು ಅದೇ. ಎತ್ತಿನ ಸಾಲಿಗೆ ಕೆಲಸ ಕಮ್ಮಿಯಾಗ್ತಾ ಹೋಯ್ತು. ಅದೇ 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟು ಕಾಯ್ದೆ ತಂದ್ರು. ಮೊದಲು ಉತ್ತರ ಭಾರತದಲ್ಲಿ ಜಾರಿಯಾದ ಅದು 1911ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ ಚಾಚಿತು. ಅಲೆಯೋದೇ ಅನುಮಾನಕ್ಕೆ ಕಾರಣ. ಸೈನ್ಯಕ್ಕೆ ಅನ್ನ ಹೊತ್ತ ಜನರ ಅನೇಕ ಗುಂಪುಗಳು ಹುಟ್ಟಾ ಕಳ್ಳರ ಪಟ್ಟಿ ಸೇರಿದವು. ಕಾಯ್ದೆ ರದ್ದಾಗಿದ್ದು 1952ರಲ್ಲಿ. ಹಾಸ್ಟೆಲ್‌ನಲ್ಲಿ ಮನೆಯಿಂದ ಫೋನ್ ಬಂದ್ರೆ ನನ್ನ ಗೆಳೆಯ ಇವತ್ತಿಗೂ ಟೆರೇಸಿಗೆ ಹೋಗಿ ಮಾತಾಡ್ತಾನೆ. ಗೋರ್‌ಬೋಲಿ ಕೇಳಿದ್ರೆ ಯಾರಾದ್ರೂ ಆಡ್ಕೋತಾರೆ ಅಂತ. ಕಾಯ್ದೆ ಹೋಗಿದೆ, ನಮ್ಮ ನಗು ಹೋಗಿಲ್ಲ.

"ಅಲೆಮಾರಿಗಳು ಏನನ್ನೂ ಬಿಟ್ಟು ಹೋಗಲ್ಲ, ಅದಕ್ಕೇ ಅವರಿಗೆ ಚರಿತ್ರೆ ಇಲ್ಲ" ಅನ್ನೋ ವಾದ ಒಂದಿದೆ. ಅದು ತಪ್ಪು ಅನ್ನೋಕೆ ದೂರ ಹೋಗಬೇಕಿಲ್ಲ. ಸುರಪುರ ತಾಲ್ಲೂಕಿನ ಬೂದಿಹಾಳ ಈಗ ಯಾದಗಿರಿ ಜಿಲ್ಲೆ, ಮೊದಲು ನಮ್ಮ ಕಲಬುರಗಿಯದೇ. ಅಲ್ಲೊಂದು ಬೂದಿ ದಿಬ್ಬ ಇದೆ. ಇಂಥ ದಿಬ್ಬಗಳನ್ನು ಜನ ಪುರಾಣಕ್ಕೆ ಜೋಡಿಸಿದ್ದುಂಟು. ಹಂಪಿ ಹತ್ತಿರದ ನಿಂಬಾಪುರದ್ದನ್ನು ವಾಲಿಯ ಚಿತೆ ಅಂತಾರೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಬೂದಿಹಾಳದಲ್ಲಿ 1990ರ ದಶಕದಲ್ಲಿ ಅಗೆದಾಗ ಕಂಡಿದ್ದು ಸುಮಾರು 4,000 ವರ್ಷ ಹಿಂದಿನ ದನಗಾಹಿಗಳ ಬದುಕು: ದೊಡ್ಡಿ, ಮನೆ, ಮಾಂಸ ಕೊಯ್ಯುತ್ತಿದ್ದ ಜಾಗ. ಬೂದಿ ಅಂದ್ರೆ ಕೂಡಿಟ್ಟು ಸುಟ್ಟ ಸಗಣಿ! ಅವರು ಲಂಬಾಣಿಗಳ ಪೂರ್ವಜರಲ್ಲ, ಆ ಮಾತು ಬೇರೆ. ಆದ್ರೆ ಸಗಣಿಯಿಂದಲೂ ಚರಿತ್ರೆ ಓದಬಹುದು ಅಂತ ನಮ್ಮ ಸೀಮೆಯ ಮಣ್ಣೇ ತೋರಿಸಿದೆ.

ಮರುಭೂಮಿಯಲ್ಲೂ ಇದೇ ಕತೆ. ದಕ್ಷಿಣ ಇಸ್ರೇಲಿನ ಟಿಮ್ನಾ ಕಣಿವೆಯಲ್ಲಿ 3,000 ವರ್ಷ ಹಿಂದೆ ತಾಮ್ರ ಕರಗಿಸುತ್ತಿದ್ದ ಜನ ಡೇರೆಗಳಲ್ಲಿ ಬದುಕಿದವರು, ಅರಮನೆ ಕಟ್ಟಲಿಲ್ಲ. ಆದ್ರೆ ಕಿಟ್ಟದ ರಾಶಿ ಸಿಕ್ಕಿತು. ಒಣಹವೆಯಲ್ಲಿ ಉಳಿದ ಬಟ್ಟೆಯ ತುಂಡಿನಲ್ಲಿ, ಕಡಲ ಚಿಪ್ಪುಹುಳದಿಂದ ತೆಗೆದ ದುಬಾರಿ ನೇರಳೆ ಬಣ್ಣ ಇರೋದು 2021ರಲ್ಲಿ ಪ್ರಕಟವಾಯ್ತು. ಅಲ್ಲಿ ಕೆಲಸ ಮಾಡುವ ಎರೆಜ್ ಬೆನ್-ಯೋಸೆಫ್ ಹೇಳೋದು ಇಷ್ಟೇ: ಕಟ್ಟಡ ಇಲ್ಲದಿದ್ರೆ ಶಕ್ತಿಯೂ ಇರಲಿಲ್ಲ ಅಂತ ತಿಳಿಯೋದು ಪುರಾತತ್ವದ ಪಕ್ಷಪಾತ. ಅದೇ ಪಕ್ಷಪಾತದಿಂದಲೇ ನಾನು ಕೋಟೆಯಲ್ಲಿ ಗೈಡ್ ಆಗಿದ್ದೆ.

ಈಗ ಯಾಕೆ ಈ ಮಾತು? 2023ರ ಜನವರಿಯಲ್ಲಿ ಮಳಖೇಡದಲ್ಲಿ ಐದು ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ರು. ಅವರಲ್ಲಿ ಬಹುಪಾಲು ತಾಂಡಾದವರು. 1,475 ವಸತಿಗಳು ಕಂದಾಯ ಗ್ರಾಮಗಳಾದವು. ಎಂದೋ ಆಗಬೇಕಿದ್ದ ಕೆಲಸ, ಒಳ್ಳೇದೇ ಆಯ್ತು. ಆದ್ರೆ ಅಲ್ಲಿವರೆಗೆ ಅವುಗಳಿಗಿದ್ದ ಸರ್ಕಾರಿ ಹೆಸರು ಗೊತ್ತಾ? 'ದಾಖಲೆರಹಿತ ಜನವಸತಿ'. ಜಾಗಕ್ಕೆ ದಾಖಲೆ ಬಂತು, ನೆನಪಿಗೆ ಇನ್ನೂ ಬಂದಿಲ್ಲ. ಲದೇಣಿಯ ದಾರಿಗಳ ಬಗ್ಗೆ ಕೇಳಿ ಬೆಳೆದ ಅಜ್ಜ-ಅಜ್ಜಿಯರು ಒಬ್ಬೊಬ್ಬರೇ ಹೋಗ್ತಿದ್ದಾರೆ. ಮಕ್ಕಳು ಕೂಲಿಗೆ ಮುಂಬೈ, ಪುಣೆ ಸೇರ್ತಿದ್ದಾರೆ.

"ತಾಂಡಾಕ್ಕೆ ಬೇಕಿರೋದು ನಲ್ಲಿ, ಶಾಲೆ, ಬಸ್ಸು. ನಿಮ್ಮ ಮ್ಯೂಸಿಯಂ ಅಲ್ಲ" ಅಂತ ಯಾರಾದ್ರೂ ಅಂದ್ರೆ ನಾನು ಒಪ್ತೀನಿ. ಮೊದಲು ನಲ್ಲಿನೇ ಬರಲಿ. ಆದ್ರೆ ನಲ್ಲಿ ತರೋಕೂ, ಹಳೇ ಬಾವಿ ಎಲ್ಲಿತ್ತು ಅಂತ ಬರ್ಕೊಳ್ಳೋಕೂ ಜಗಳ ಇಲ್ಲ.

ನಮ್ಮ ಕನ್ನಡ ಸಂಘಕ್ಕೆ ನನ್ನದೊಂದು ಸಲಹೆ. ಮುಂದಿನ ವರ್ಷ ಇನ್ನೊಂದು ಕೋಟೆ ಫೋಟೋ ಸ್ಪರ್ಧೆ ಬೇಡ. ತಾಂಡಾದ ನಾಯಕರ ಒಪ್ಪಿಗೆ ಕೇಳಿ ಕಮಲಾಪುರದ ಕಡೆ ಹೋಗೋಣ. ಹಳೇ ಬಾವಿ, ಎತ್ತು ಇಳಿಸುತ್ತಿದ್ದ ಬಯಲು, ದಾರಿ, ಎಲ್ಲ ಮ್ಯಾಪಿನಲ್ಲಿ ಗುರುತಿಸೋಣ. ದನ ನಿಂತ ನೆಲದಲ್ಲಿ ಫಾಸ್ಫೇಟ್ ಹೆಚ್ಚಿರುತ್ತೆ. ಒಂದು ಹಿಡಿ ಮಣ್ಣು ತಂದು ಪರೀಕ್ಷೆ ಮಾಡೋಕೆ ನಮ್ಮ ಲ್ಯಾಬ್ ಸಾಕು. ಅಗೆಯೋದು ಬೇಡ, ಅದು ಪುರಾತತ್ವದವರ ಕೆಲಸ. ಗೋರ್‌ಬೋಲಿಯ ಮಾತುಗಳನ್ನು ಕನ್ನಡ ಲಿಪಿಯಲ್ಲೇ ಬರ್ಕೊಂಡು ಅವರಿಗೇ ಒಂದು ಪ್ರತಿ ಕೊಡೋಣ.

ಗೆಳೆಯನಿಗೆ ಇದನ್ನು ಓದೋಕೆ ಕೊಟ್ಟಿದ್ದೆ. "ನಮ್ ಯಾಡಿಗೆ ಹೇಳ್ತೀನಿ, ಎಲ್ಲಾರೂ ಬರ್ರಿ" ಅಂದ. ಯಾಡಿ ಅಂದ್ರೆ ಅವ್ವ. ನಮ್ಮ ಪಟ್ಟಿಯ ಮೊದಲ ಪದ.