ಮಣ್ಣು ಹಸಿಯಾಗಿದ್ದರೂ ಬೆಳೆ ಬಾಡುವುದೇಕೆ?

ಹೊಲದ ಮಣ್ಣನ್ನು ಹಿಡಿಯಲ್ಲಿ ಹಿಚುಕಿ, ತೇವ ತಾಗಿದರೆ ‘ಇನ್ನೂ ನೀರು ಬೇಡ’ ಎನ್ನುವುದು ರೂಢಿ. ಆದರೆ ಮಣ್ಣಿನಲ್ಲಿರುವ ನೀರೆಲ್ಲ ಬೆಳೆಗೆ ಸಿಗುವುದಿಲ್ಲ.

ಅಂಕಲಗಿ, ಗೋಕಾಕ ಸೀಮೆಯಲ್ಲಿ ಎರೆ ಹೊಲಗಳೂ ಇವೆ, ಮರಳು ಬೆರೆತ ಮಸಾರಿ ಹೊಲಗಳೂ ಇವೆ. ನೀರಾವರಿಯಿಲ್ಲದ ಕಡೆ ಹಿಂಗಾರಿನ ಬಿಳಿಜೋಳ, ಕಡಲೆ ಬೆಳೆಯುವುದು ಹೆಚ್ಚಾಗಿ ಮಣ್ಣಿನಲ್ಲಿ ಉಳಿದ ತೇವದಿಂದಲೇ. ಹಾಗಾಗಿ ಆ ತೇವದಲ್ಲಿ ಬೇರಿಗೆ ದಕ್ಕುವುದೆಷ್ಟು ಎಂಬುದು ಮುಖ್ಯ.

ಸಂದು ಸಣ್ಣದಾದಷ್ಟೂ ಹಿಡಿತ ಬಿಗಿ

ಮಣ್ಣಿನ ಕಣಗಳ ನಡುವೆ ದೊಡ್ಡ, ಸಣ್ಣ, ಅತಿ ಸಣ್ಣ ಸಂದುಗಳಿರುತ್ತವೆ. ಇವು ನೀರನ್ನು ಸಣ್ಣ ಕೊಳವೆಗಳಂತೆ ಹಿಡಿದಿಡುತ್ತವೆ. 1 ಮಿ.ಮೀ. ವ್ಯಾಸದ ಗಾಜಿನ ಕೊಳವೆಯಲ್ಲಿ ನೀರು ಸುಮಾರು 3 ಸೆಂ.ಮೀ. ಏರಿ ನಿಲ್ಲುತ್ತದೆ, 0.1 ಮಿ.ಮೀ. ಕೊಳವೆಯಲ್ಲಿ 30 ಸೆಂ.ಮೀ. ಏರುತ್ತದೆ.

ಮಳೆ ನಿಂತ ಮೇಲೆ ದೊಡ್ಡ ಸಂದುಗಳ ನೀರು ಕೆಲವು ದಿನಗಳಲ್ಲಿ ಕೆಳಗಿಳಿದು, ಅಲ್ಲಿ ಗಾಳಿ ತುಂಬುತ್ತದೆ. ಬೆಳೆಗೆ ಆಧಾರ ಮಧ್ಯಮ ಸಂದುಗಳ ನೀರು. ಅದೂ ಮುಗಿದಾಗ ಅತಿ ಸಣ್ಣ ಸಂದುಗಳಲ್ಲಿ ಮತ್ತು ಕಣಗಳ ಮೈಮೇಲಿನ ಪದರದಲ್ಲಿ ಮಾತ್ರ ನೀರು ಉಳಿಯುತ್ತದೆ. ಹಿಡಿತ ವಾತಾವರಣದ ಒತ್ತಡದ ಸುಮಾರು 15 ಪಟ್ಟು ತಲುಪಿದರೆ ಹೆಚ್ಚಿನ ಬೆಳೆಗಳ ಬೇರು ಸೋಲುತ್ತದೆ, ಬೆಳೆ ಬಾಡುತ್ತದೆ.

ಎರೆಮಣ್ಣಿನ ಜೇಡಿ ಬಹಳ ನುಣುಪು, ಅತಿ ಸಣ್ಣ ಸಂದುಗಳೇ ಹೆಚ್ಚು. ಆದ್ದರಿಂದ 100 ಕಿಲೋ ಒಣ ಎರೆಮಣ್ಣಿಗೆ ಸುಮಾರು 20 ಕಿಲೋ ನೀರು ಉಳಿದಿರುವಾಗಲೇ ಬೆಳೆ ಬಾಡಬಹುದು. ಮರಳು ಬೆರೆತ ಮಣ್ಣಿನಲ್ಲಿ 10 ಕಿಲೋ ಇದ್ದರೂ ಬೆಳೆ ಹಸಿರಾಗಿರಬಹುದು.

ಹಾಗಾದರೆ ಎರೆ ಕೆಟ್ಟದ್ದೇ?

ಅಲ್ಲ. ಆಳವಾದ ಎರೆಯಲ್ಲಿ ಬೇರಿಗೆ ಸಿಗುವ ನೀರಿನ ಒಟ್ಟು ದಾಸ್ತಾನೂ ದೊಡ್ಡದು. ಅದಕ್ಕೇ ಅಲ್ಲಿ ಮಳೆಯಿಲ್ಲದೆಯೂ ಹಿಂಗಾರು ಬೆಳೆ ನಿಲ್ಲುತ್ತದೆ. ಆದರೆ ಪೂರ್ತಿ ಒಣಗಿದ ಎರೆಗೆ ಬಿದ್ದ ತುಂತುರು ಮಳೆ ಬೆಳೆಗೆ ಅಷ್ಟಾಗಿ ದಕ್ಕುವುದಿಲ್ಲ. ಮೊದಲ ಪಾಲು ಬಿಗಿಯಾದ ಸಂದುಗಳಿಗೇ ಹೋಗುತ್ತದೆ. ಮಸಾರಿಗೆ ಸ್ವಲ್ಪ ಸ್ವಲ್ಪವೇ, ಆಗಾಗ ನೀರು ಬೇಕು. ಎರೆಗೆ ಅಂತರ ಬಿಟ್ಟು, ಆಳಕ್ಕೆ ಇಳಿಯುವಂತೆ ಕೊಡಬೇಕು.

ಎಡೆ ಹೊಡೆಯುವುದಕ್ಕೂ ಇದೇ ತರ್ಕ. ಮೇಲ್ಮಣ್ಣು ಪುಡಿಯಾದರೆ ಅಲ್ಲಿ ದೊಡ್ಡ ಸಂದುಗಳಾಗಿ ಬೇಗ ಒಣಗುತ್ತವೆ. ಕೆಳಗಿನ ನೀರು ಮೇಲೇರುವ ದಾರಿ ತುಂಡಾಗುತ್ತದೆ, ಬಿರುಕುಗಳೂ ಮುಚ್ಚುತ್ತವೆ.

ಆದ್ದರಿಂದ ಕೈಗೆ ತಾಗುವ ತೇವವನ್ನಷ್ಟೇ ನಂಬಬೇಡಿ. ಮಣ್ಣು ಯಾವುದು ಎಂಬುದನ್ನೂ ನೋಡಿ.